ಕಸಿ ಬೆಂಗಳೂರಿನಲ್ಲಿ, ಕಾವಲು ಕಲಬುರಗಿಯಲ್ಲಿ: ದಾನಿಯ ಕೋಶ ರೋಗಿಯ ಮೇಲೆಯೇ ತಿರುಗಿಬೀಳದಂತೆ ತಡೆಯುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಯೊಂದರಲ್ಲಿ ಯಾರಿಗಾದರೂ ಅಸ್ಥಿಮಜ್ಜೆ (ಎಲುಬಿನೊಳಗೆ ರಕ್ತ ತಯಾರಾಗುವ ತಿರುಳು) ಕಸಿ ಆಗಬೇಕು ಎಂದು ಡಾಕ್ಟರು ಹೇಳಿದರೆ ಮನೆಮಂದಿ ಊರು ಬಿಡಲು ತಯಾರಾಗಬೇಕು. ಬೀದರಿನವರಿಗೆ ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಹೈದರಾಬಾದ್ ಹತ್ತಿರ. ಕಲಬುರಗಿ, ಯಾದಗಿರಿಯವರು ಹೈದರಾಬಾದಿಗೋ, ರಾತ್ರಿ ರೈಲು ಹತ್ತಿ ಬೆಂಗಳೂರಿಗೋ ಹೋಗುತ್ತಾರೆ. ವೆಲ್ಲೂರು, ಮುಂಬೈ ಹಿಡಿಯುವವರೂ ಇದ್ದಾರೆ. ಹೊಲ ಒತ್ತೆ ಇಟ್ಟು, ಬಂಗಾರ ಅಡವಿಟ್ಟು ಲಕ್ಷಗಟ್ಟಲೆ ಹಣ ಹೊಂದಿಸುವ ಹೊತ್ತಿಗೆ ಎಲ್ಲರ ಲಕ್ಷ್ಯ ಒಂದೇ ದಿನದ ಮೇಲೆ ನಿಂತಿರುತ್ತದೆ. ದಾನಿಯ ಕೋಶಗಳ ಚೀಲವನ್ನು ನೇತುಹಾಕುವ ಆ ದಿನಕ್ಕೆ ವಾರ್ಡಿನಲ್ಲಿ ‘ಡೇ ಝೀರೋ’ ಎನ್ನುತ್ತಾರೆ. ನೋಡುವವರಿಗೆ ಅದು ರಕ್ತ ಏರಿಸುವುದಕ್ಕಿಂತ ಬೇರೆಯಾಗಿ ಕಾಣುವುದಿಲ್ಲ. ತಾಸು ಎರಡು ತಾಸಿನಲ್ಲಿ ಮುಗಿದೂಹೋಗುತ್ತದೆ.

ಗೆಲುವು ಸೋಲು ತೀರ್ಮಾನವಾಗುವುದು ಆ ದಿನಕ್ಕೆ ಹಿಂದಿನ ತಿಂಗಳುಗಳಲ್ಲಿ ಮತ್ತು ಮುಂದಿನ ವರ್ಷದಲ್ಲಿ. ಆ ಎರಡೂ ಅವಧಿಯ ಹೆಚ್ಚಿನ ಭಾಗವನ್ನು ರೋಗಿ ಕಳೆಯುವುದು ದೊಡ್ಡ ಊರಿನ ಕಸಿ ವಾರ್ಡಿನಲ್ಲಲ್ಲ, ನಮ್ಮ ಜಿಲ್ಲಾ ಆಸ್ಪತ್ರೆ, ರಕ್ತನಿಧಿ, ಔಷಧದಂಗಡಿ ಮತ್ತು ಮನೆಯ ಪಡಸಾಲೆಯಲ್ಲಿ. ಕಸಿಯ ಬಗ್ಗೆ ಬರುವ ಸುದ್ದಿಗಳಲ್ಲಿ ಈ ಮಾತು ಕಾಣುವುದೇ ಅಪರೂಪ.

ಅಪಾಯ ಬರುವುದು ಎಲ್ಲಿಂದ

ಮೂತ್ರಪಿಂಡ ಕಸಿಯಲ್ಲಿ ಇರುವ ದೊಡ್ಡ ಹೆದರಿಕೆ ರೋಗಿಯ ದೇಹ ಹೊಸ ಅಂಗವನ್ನು ಒಪ್ಪದೇ ಹೋಗಬಹುದು ಎಂಬುದು. ಅಸ್ಥಿಮಜ್ಜೆಯಲ್ಲಿ ಆ ಹೆದರಿಕೆಯ ಜೊತೆಗೆ ಅದರ ತಿರುವುಮುರುವೂ ಇದೆ. ಇಲ್ಲಿ ಕಸಿಯಾಗುವುದೇ ರೋಗನಿರೋಧಕ ವ್ಯವಸ್ಥೆ. ದಾನಿಯ ಕೋಶಗಳ ಜೊತೆ ಬಂದ ಟಿ ಲಿಂಫೋಸೈಟುಗಳು (ಟಿ ಕೋಶ ಎಂಬ ಬಿಳಿ ರಕ್ತಕಣಗಳು) ರೋಗಿಯ ಇಡೀ ದೇಹವನ್ನೇ ಪರಕೀಯ ಎಂದು ಓದಿ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುತ್ತವೆ. ವೈದ್ಯರ ಬಾಯಲ್ಲಿ ಇದು ‘ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್’, ಚಿಕ್ಕದಾಗಿ ಜಿವಿಎಚ್‌ಡಿ. ತೀವ್ರ ರೂಪ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ಕಾಣುತ್ತದೆ. ದೀರ್ಘಕಾಲದ ರೂಪ ನಂತರ ನಿಧಾನಕ್ಕೆ ತಲೆ ಎತ್ತುತ್ತದೆ: ಕಣ್ಣು ಬಾಯಿ ಒಣಗುತ್ತವೆ, ಚರ್ಮ ಬಿಗಿಯುತ್ತದೆ, ಕೆಲವರಿಗೆ ಶ್ವಾಸಕೋಶದ ಸಣ್ಣ ನಾಳಗಳೇ ಮುಚ್ಚಿಕೊಳ್ಳುತ್ತವೆ. ಎಲ್ಲ ರೀತಿಯಲ್ಲಿ ಹೊಂದುವ ಅಣ್ಣನಿಂದಲೋ ತಂಗಿಯಿಂದಲೋ ಪಡೆದಾಗಲೂ, ಹಳೆಯ ಔಷಧ ಪದ್ಧತಿಯಲ್ಲಿ ಮೂರರಲ್ಲೊಬ್ಬರಿಂದ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಮಟ್ಟದಲ್ಲಿ ಇದರ ತೀವ್ರ ರೂಪ ಬರುತ್ತಿತ್ತು.

ಈ ತೊಂದರೆ ಕಸಿಯಷ್ಟೇ ಹಳೆಯದು. 1950ರ ದಶಕದಲ್ಲಿ ಇಲಿಗಳಿಗೆ ವಿಕಿರಣ ಕೊಟ್ಟು ಬೇರೆ ಇಲಿಯ ಮಜ್ಜೆ ಹಾಕಿದಾಗ, ವಿಕಿರಣದಿಂದ ಬದುಕಿದ ಇಲಿಗಳು ಕೆಲವು ವಾರಗಳ ನಂತರ ಭೇದಿಯಾಗಿ, ಚರ್ಮ ಕೆಟ್ಟು ಸಾಯುತ್ತಿದ್ದವು. 1957ರಲ್ಲಿ ಮನುಷ್ಯರ ಮೇಲಿನ ಮೊದಲ ಪ್ರಯತ್ನಗಳನ್ನು ವರದಿ ಮಾಡಿದ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರಿಗೆ ನೊಬೆಲ್ ಬಂದದ್ದು 1990ರಲ್ಲಿ. ನಡುವಿನ ಆ ಮೂವತ್ತು ಮೂರು ವರ್ಷಗಳ ಬಹುಪಾಲು ಹೆಣಗಾಟ ಈ ಒಂದು ತೊಡಕಿನ ಜೊತೆಗೇ. ಭಾರತದಲ್ಲಿ ಮೊದಲ ಕಸಿ 1983ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. 1986ರಲ್ಲಿ ವೆಲ್ಲೂರಿನ ಸಿಎಂಸಿ ಶುರುಮಾಡಿತು.

ಹಾಗಾದರೆ ಟಿ ಕೋಶಗಳನ್ನೆಲ್ಲ ಸೋಸಿ ತೆಗೆದು ಉಳಿದದ್ದನ್ನು ಮಾತ್ರ ಕೊಟ್ಟರಾಯಿತಲ್ಲ? 1980ರ ದಶಕದಲ್ಲಿ ಅದನ್ನೂ ಮಾಡಿ ನೋಡಿದರು. ಜಿವಿಎಚ್‌ಡಿ ಇಳಿಯಿತು, ಆದರೆ ಕಸಿ ಹಿಡಿಯದೇ ಹೋಗುವುದು ಹೆಚ್ಚಾಯಿತು, ರಕ್ತದ ಕ್ಯಾನ್ಸರ್ ಮರುಕಳಿಸುವುದೂ ಹೆಚ್ಚಾಯಿತು. ರೋಗಿಯ ಚರ್ಮವನ್ನು ಸುಡುವ ಅದೇ ಕೋಶಗಳು ಅಳಿದುಳಿದ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೋಶಗಳನ್ನೂ ಹುಡುಕಿ ಕೊಲ್ಲುತ್ತಿದ್ದವು. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಿಗೆ ಜಿವಿಎಚ್‌ಡಿ ಬರುವುದು ತೀರಾ ವಿರಳ, ಆದರೆ ಅವರಲ್ಲೇ ಲ್ಯುಕೇಮಿಯಾ ಹೆಚ್ಚಾಗಿ ಮರಳುತ್ತದೆ ಎಂಬುದು ಇದಕ್ಕೆ ಪುರಾವೆ.

ಆದ್ದರಿಂದ ‘ಎಷ್ಟು ತಡೆಯಬೇಕು’ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಲ್ಯುಕೇಮಿಯಾ ಇದ್ದವರಲ್ಲಿ ಒಂದಿಷ್ಟು ಸೆಣಸಾಟ ಉಳಿಯಬೇಕು. ಹುಟ್ಟಿನಿಂದಲೇ ರಕ್ತ ಸಾಲದ ಥಲಸ್ಸೀಮಿಯಾ ಇರುವ ಮಗುವಿಗೆ, ಮಜ್ಜೆ ರಕ್ತಕಣ ಮಾಡುವುದನ್ನೇ ಬಿಡುವ ಅಪ್ಲಾಸ್ಟಿಕ್ ಅನೀಮಿಯಾ ಇರುವ ಹುಡುಗನಿಗೆ ಜಿವಿಎಚ್‌ಡಿಯಿಂದ ಕಿಂಚಿತ್ತೂ ಲಾಭವಿಲ್ಲ, ಬರೀ ನಷ್ಟ. ಕೋಶಗಳನ್ನು ಎಲ್ಲಿಂದ ತೆಗೆಯಬೇಕು ಎಂಬುದೂ ಇದರ ಮೇಲೆಯೇ ನಿಂತಿದೆ. ದಾನಿಗೆ ಕೆಲವು ದಿನ ಸೂಜಿ ಕೊಟ್ಟು ತೋಳಿನ ರಕ್ತನಾಳದಿಂದ ಯಂತ್ರದ ಮೂಲಕ ಕಾಂಡಕೋಶ (ಹೊಸ ರಕ್ತಕಣ ಹುಟ್ಟಿಸುವ ಮೂಲಕೋಶ) ತೆಗೆಯುವುದು ಈಗ ಹೆಚ್ಚು ರೂಢಿಯಲ್ಲಿದೆ. ಹಳೆಯ ದಾರಿ ಎಂದರೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಮಜ್ಜೆ ತೆಗೆಯುವುದು. ಸಂಬಂಧಿಯಲ್ಲದ ದಾನಿಗಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಎರಡು ವರ್ಷದ ಹೊತ್ತಿಗೆ ದೀರ್ಘಕಾಲದ ಜಿವಿಎಚ್‌ಡಿ ತೋಳಿನ ರಕ್ತದಿಂದ ಪಡೆದವರಲ್ಲಿ ಶೇ 53, ಎಲುಬಿನ ಮಜ್ಜೆ ಪಡೆದವರಲ್ಲಿ ಶೇ 41. ಕ್ಯಾನ್ಸರ್ ಅಲ್ಲದ ರಕ್ತರೋಗಗಳಿಗೆ ಅನೇಕ ವೈದ್ಯರು ಇಂದಿಗೂ ಎಲುಬಿನ ಮಜ್ಜೆಯನ್ನೇ ಬಯಸುವುದು ಇದಕ್ಕೇ. ‘ಬೆನ್ನಿಗೆ ಸೂಜಿ ಹಾಕ್ತಾರಂತ, ಮುಂದ ನಡಿಲಿಕ್ಕೇ ಬರಂಗಿಲ್ಲಂತ’ ಎಂದು ಹೆದರಿ ಹಿಂದೆ ಸರಿಯುವ ಅಣ್ಣತಮ್ಮಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಸೂಜಿ ಹೋಗುವುದು ಸೊಂಟದ ಎಲುಬಿಗೆ. ಬೆನ್ನುಹುರಿಯ ಹತ್ತಿರವೂ ಅದು ಸುಳಿಯುವುದಿಲ್ಲ. ಕೆಲವು ದಿನ ನೋವಿರುತ್ತದೆ, ತೆಗೆದ ಮಜ್ಜೆ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ದಾನಿಯ ಆಯ್ಕೆ ಮತ್ತು ಸಂಬಂಧದ ಮದುವೆ

ತಡೆಯ ಮೊದಲ ಹೆಜ್ಜೆ ಸರಿಯಾದ ದಾನಿಯನ್ನು ಆರಿಸುವುದು. ರಕ್ತದ ಗುಂಪು ಒಂದೇ ಇದ್ದರೆ ಸಾಕು ಎಂಬ ನಂಬಿಕೆ ಬಲವಾಗಿದೆ, ಆದರೆ ಗುಂಪು ಬೇರೆಯಾದರೂ ಕಸಿ ಆಗುತ್ತದೆ. ಹೊಂದಬೇಕಾದದ್ದು ಎಚ್‌ಎಲ್‌ಎ. ಕೋಶ ತನ್ನದೋ ಪರಕೀಯವೋ ಎಂದು ದೇಹ ಗುರುತಿಸುವುದು ಇದರಿಂದ. ಇದು ಆರನೆಯ ವರ್ಣತಂತುವಿನಲ್ಲಿರುವ ಜೀನುಗಳ ಗೊಂಚಲು. ತಂದೆಯಿಂದ ಒಂದು ಗೊಂಚಲು, ತಾಯಿಯಿಂದ ಒಂದು ಬರುವುದರಿಂದ ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾಲ್ವರು ಒಡಹುಟ್ಟಿದವರಿದ್ದರೆ ಒಬ್ಬರಾದರೂ ಹೊಂದುವ ಸಾಧ್ಯತೆ ಶೇ 68ಕ್ಕೆ ಏರುತ್ತದೆ. ಒಬ್ಬನೇ ತಮ್ಮನಿದ್ದರೆ ಶೇ 25. ಮನೆಗಳು ಚಿಕ್ಕವಾದಂತೆ ಮನೆಯೊಳಗೇ ಪೂರ್ತಿ ಹೊಂದುವ ದಾನಿ ಸಿಗುವುದು ಕಡಿಮೆಯಾಗುತ್ತಿದೆ.

ನಮ್ಮ ಭಾಗಕ್ಕೆ ಇಲ್ಲೊಂದು ವಿಶೇಷವಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇನ್ನೂ ಉಳಿದಿರುವ ಮನೆಗಳಲ್ಲಿ ಒಂದೇ ಎಚ್‌ಎಲ್‌ಎ ಗೊಂಚಲು ಕುಟುಂಬದ ಹಲವು ಕವಲುಗಳಲ್ಲಿ ತಿರುಗುತ್ತಿರುತ್ತದೆ. ಥಲಸ್ಸೀಮಿಯಾದಂತಹ ಕಾಯಿಲೆ ಕೂಡಿಬರಲು ಕಾರಣವಾಗುವ ಅದೇ ಮದುವೆ, ಕಸಿಯ ಹೊತ್ತಿಗೆ ಚಿಕ್ಕಪ್ಪನ ಮಗನಲ್ಲೋ ಸೋದರಮಾವನಲ್ಲೋ ಪೂರ್ತಿ ಹೊಂದುವ ದಾನಿಯನ್ನು ಇಟ್ಟಿರಬಹುದು. ಸಂಬಂಧದ ಮದುವೆ ಹೆಚ್ಚಿರುವ ಪಶ್ಚಿಮ ಏಷ್ಯಾದ ಕಸಿ ಕೇಂದ್ರಗಳು ಒಡಹುಟ್ಟಿದವರಲ್ಲಿ ಯಾರೂ ಹೊಂದದಿದ್ದಾಗ ಬಳಗದಲ್ಲೆಲ್ಲ ಹುಡುಕುತ್ತವೆ. ಇಲ್ಲಿ ಕುಟುಂಬದ ವಂಶವೃಕ್ಷ ಬರೆದು ಕೇಳುವ ಡಾಕ್ಟರು ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಮನೆಯವರೇ ‘ನಮ್ಮದು ಸಂಬಂಧದಾಗಿನ ಲಗ್ನ ಐತ್ರೀ, ಬಳಗದೊಳಗ ಯಾರ್‍ಯಾರದು ಪರೀಕ್ಷೆ ಮಾಡಿಸಬೇಕ್ರೀ?’ ಎಂದು ಕೇಳಬೇಕು. ನಾಚಿಕೆಯ ವಿಷಯವಲ್ಲ ಇದು.

ಪೂರ್ತಿ ಹೊಂದುವವರು ಒಬ್ಬರಿಗಿಂತ ಹೆಚ್ಚಿದ್ದರೆ ಯಾರನ್ನು ಆರಿಸಬೇಕು? ಸಾಮಾನ್ಯವಾಗಿ ಕಿರಿಯ ವಯಸ್ಸಿನವರನ್ನು. ಗಂಡು ರೋಗಿಗೆ, ಬಸಿರಾಗಿ ಹೆತ್ತ ಹೆಂಗಸು ದಾನಿಯಾದರೆ ದೀರ್ಘಕಾಲದ ಜಿವಿಎಚ್‌ಡಿಯ ಅಪಾಯ ಹೆಚ್ಚು. ಗರ್ಭದಲ್ಲಿದ್ದ ಗಂಡುಮಗುವಿನ ಅಂಶಗಳ ವಿರುದ್ಧ ಆಕೆಯ ಟಿ ಕೋಶಗಳು ಮೊದಲೇ ಪಳಗಿರುತ್ತವೆ. ‘ತಾಯಿ ನಾನಿರುವಾಗ ಬೇರೆಯವರೇಕೆ’ ಎನ್ನುವ ಪ್ರೀತಿ ದೊಡ್ಡದು. ಆದರೂ ವೈದ್ಯರು ತಂದೆಯನ್ನೋ ತಮ್ಮನನ್ನೋ ಆರಿಸಿದರೆ ಅದಕ್ಕೆ ಇಂಥ ಕಾರಣವಿರುತ್ತದೆ.

ಬಳಗದಲ್ಲೂ ಸಿಗದಿದ್ದರೆ ಚೆನ್ನೈ ಮೂಲದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನದಂತಹ ನೋಂದಣಿ ಸಂಸ್ಥೆಗಳಲ್ಲಿ ಹುಡುಕಬೇಕು. ಜಗತ್ತಿನಲ್ಲಿ ನೋಂದಾಯಿತ ದಾನಿಗಳು ನಾಲ್ಕು ಕೋಟಿಗೂ ಹೆಚ್ಚು, ಅದರಲ್ಲಿ ಭಾರತದವರ ಪಾಲು ಜನಸಂಖ್ಯೆಗೆ ಹೋಲಿಸಿದರೆ ತೀರಾ ಸಣ್ಣದು. ಕಾಲೇಜುಗಳಲ್ಲಿ ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯುವ ಶಿಬಿರಗಳು ಕಲಬುರಗಿ, ಬೀದರಿನಲ್ಲೂ ನಡೆಯಬೇಕು. ಇಲ್ಲಿನ ರೋಗಿಗೆ ಹೊಂದುವ ಗೊಂಚಲು ಜರ್ಮನಿಯವರಲ್ಲಿ ಸಿಗುವುದಕ್ಕಿಂತ ಆಳಂದದಲ್ಲಿ, ಹುಮನಾಬಾದಿನಲ್ಲಿ ಸಿಗುವ ಸಂಭವವೇ ಹೆಚ್ಚು.

ಸಂಬಂಧಿಕರ ರಕ್ತ ಬೇಡ

ಕಸಿ ಆಗಬಹುದಾದ ರೋಗಿಗೆ ಮನೆಯವರ ರಕ್ತ ಏರಿಸಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಎಲ್ಲ ರಕ್ತನಿಧಿಗಳಲ್ಲಿ ಅಂಟಿಸಬೇಕು ಎಂದು ನನಗನಿಸುತ್ತದೆ. ನಮ್ಮಲ್ಲಿ ರೂಢಿ ಇದರ ಉಲ್ಟಾ. ಅಣ್ಣನ ರಕ್ತವೇ ಶುದ್ಧ, ಹೊರಗಿನವರದು ಯಾಕೆ ಎಂದು ಸಾಲುಗಟ್ಟಿ ನಿಲ್ಲುತ್ತಾರೆ.

ತೊಂದರೆ ಎರಡು. ಒಂದು, ಪದೇ ಪದೇ ಸಂಬಂಧಿಕರ ರಕ್ತ ಹೋದರೆ ರೋಗಿಯ ದೇಹ ಆ ಕುಟುಂಬದ ಎಚ್‌ಎಲ್‌ಎ ಮತ್ತಿತರ ಅಂಶಗಳ ವಿರುದ್ಧವೇ ತಯಾರಾಗುತ್ತದೆ. ನಾಳೆ ಅದೇ ಅಣ್ಣನ ಮಜ್ಜೆ ಹಾಕಿದಾಗ ಕಸಿ ಹಿಡಿಯದೇ ಹೋಗಬಹುದು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಈ ಪೆಟ್ಟು ಹೆಚ್ಚು.

ಇನ್ನೊಂದು ಇದಕ್ಕಿಂತ ಭಯಾನಕ, ಅದೃಷ್ಟವಶಾತ್ ವಿರಳ. ಏರಿಸಿದ ರಕ್ತದ ಚೀಲದಲ್ಲೂ ಜೀವಂತ ಟಿ ಕೋಶಗಳಿರುತ್ತವೆ. ಸಾಮಾನ್ಯವಾಗಿ ರೋಗಿಯ ದೇಹ ಅವನ್ನು ಗುರುತಿಸಿ ಮುಗಿಸುತ್ತದೆ. ಆದರೆ ರಕ್ತ ಕೊಟ್ಟವನ ಎರಡೂ ಎಚ್‌ಎಲ್‌ಎ ಗೊಂಚಲು ಒಂದೇ ಆಗಿದ್ದು, ಅದು ರೋಗಿಯ ಒಂದು ಗೊಂಚಲಿಗೆ ಹೊಂದಿದರೆ, ರೋಗಿಯ ದೇಹಕ್ಕೆ ಅವು ಪರಕೀಯವಾಗಿ ಕಾಣುವುದೇ ಇಲ್ಲ. ಅವುಗಳಿಗೆ ಮಾತ್ರ ರೋಗಿ ಪರಕೀಯ. ಬರೀ ರಕ್ತ ಏರಿಸಿದ್ದಕ್ಕೇ ಬರುವ ಈ ಜಿವಿಎಚ್‌ಡಿಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ, ಏಕೆಂದರೆ ರೋಗಿಯ ಮಜ್ಜೆಯೂ ನಾಶವಾಗುತ್ತದೆ. ಎರಡೂ ಗೊಂಚಲು ಒಂದೇ ಇರುವವರು ಹೆಚ್ಚಾಗಿ ಹುಟ್ಟುವುದು ಎಲ್ಲಿ? ಸಂಬಂಧದೊಳಗೇ ಮದುವೆಯಾಗುವ ಬಳಗಗಳಲ್ಲಿ. ಮಜ್ಜೆಯ ದಾನಿಯನ್ನು ಕೊಡಬಲ್ಲ ಕುಟುಂಬವೇ ರಕ್ತದ ವಿಷಯದಲ್ಲಿ ಹೆಚ್ಚು ಅಪಾಯದ್ದು.

ಇದನ್ನು ತಡೆಯಲು ರಕ್ತದ ಚೀಲಕ್ಕೆ ಕೊಡುವ ಮುನ್ನ 25 ಗ್ರೇ ಪ್ರಮಾಣದ ವಿಕಿರಣ ಹಾಯಿಸುತ್ತಾರೆ. ಟಿ ಕೋಶಗಳು ವಿಭಜನೆಯಾಗುವ ಶಕ್ತಿ ಕಳೆದುಕೊಳ್ಳುತ್ತವೆ, ಕೆಂಪುಕಣ ಕೆಲಸ ಮಾಡುತ್ತಲೇ ಇರುತ್ತದೆ. ಬಿಳಿಕಣ ಸೋಸುವ ಫಿಲ್ಟರ್ ಬೇರೆ ಕೆಲಸಗಳಿಗೆ ಉಪಯೋಗಿ, ಈ ಒಂದು ಅಪಾಯಕ್ಕೆ ಅದು ಸಾಲದು. ಕಸಿಯ ತಯಾರಿ ಆರಂಭವಾದಾಗಿನಿಂದ ನಂತರ ಕನಿಷ್ಠ ಆರು ತಿಂಗಳು, ಜಿವಿಎಚ್‌ಡಿ ಇದ್ದರೆ ಇನ್ನೂ ಹೆಚ್ಚು ಕಾಲ, ರೋಗಿಗೆ ವಿಕಿರಣ ಹಾಯಿಸಿದ ರಕ್ತವೇ ಬೇಕು. ಎಲ್ಲ ರಕ್ತನಿಧಿಗಳಲ್ಲಿ ಇದಕ್ಕೆಂದೇ ಯಂತ್ರ ಇರುವುದಿಲ್ಲ. ಆದರೆ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರದಲ್ಲಿ ಚೀಲವನ್ನಿಟ್ಟು ಅದೇ ಕೆಲಸ ಮಾಡಿಸಬಹುದು. ಹೊಸ ಖರೀದಿ ಬೇಕಿಲ್ಲ, ರಕ್ತನಿಧಿಯವರೂ ವಿಕಿರಣ ವಿಭಾಗದವರೂ ಕೂತು ಒಂದು ಒಪ್ಪಂದ ಬರೆದುಕೊಂಡರಾಯಿತು.

ರಕ್ತನಿಧಿಯ ಮಾತು ಬಂದಾಗಲೇ ಇದನ್ನೂ ಹೇಳಿಬಿಡುವೆ. ಕಸಿಯಾದ ಮೇಲೆ ರೋಗಿಯ ರಕ್ತದ ಗುಂಪು ನಿಧಾನವಾಗಿ ದಾನಿಯ ಗುಂಪಿಗೆ ಬದಲಾಗುತ್ತದೆ. ಹಳೆಯ ಕಾರ್ಡಿನಲ್ಲಿ ಬರೆದದ್ದನ್ನು ನೋಡಿ ರಾತ್ರಿ ಪಾಳಿಯವರು ಚೀಲ ಕೊಟ್ಟರೆ ಗತಿ ಏನು? ಡಿಸ್ಚಾರ್ಜ್ ಚೀಟಿಯ ಮೊದಲ ಸಾಲಿನಲ್ಲೇ ಈ ವಿಷಯ ಇರಬೇಕು.

ವಾರ್ಡಿನಲ್ಲಿ ಏನು ಬದಲಾಗಿದೆ

1980ರ ದಶಕದ ನಡುವಿನಿಂದ ತಡೆಯ ಆಧಾರಸ್ತಂಭ ರೋಗನಿರೋಧಕ ಕೋಶಗಳನ್ನು ಅದುಮಿಡುವ ಎರಡು ಔಷಧಗಳ ಜೋಡಿ: ಸೈಕ್ಲೋಸ್ಪೋರಿನ್ ಮತ್ತು ಮೆಥೋಟ್ರೆಕ್ಸೇಟ್. ಆಮೇಲೆ ಸೈಕ್ಲೋಸ್ಪೋರಿನ್ ಜಾಗಕ್ಕೆ ಹಲವೆಡೆ ಟ್ಯಾಕ್ರೋಲಿಮಸ್ ಬಂತು. ಟಿ ಕೋಶಗಳನ್ನು ತಗ್ಗಿಸಲು ಮೊಲದ ರಕ್ತಸಾರದಿಂದ ಮಾಡುವ ಎಟಿಜಿ ಎಂಬ ಔಷಧ ಸೇರಿಸಿದರೆ ದೀರ್ಘಕಾಲದ ಜಿವಿಎಚ್‌ಡಿ ಇನ್ನೂ ಇಳಿಯುತ್ತದೆ. ಯುರೋಪಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಟಿಜಿ ಪಡೆದವರಲ್ಲಿ ಎರಡು ವರ್ಷಕ್ಕೆ ಅದು ಶೇ 32ರಷ್ಟು, ಪಡೆಯದವರಲ್ಲಿ ಸುಮಾರು ಶೇ 69. ಆದರೆ ಎಟಿಜಿ ದುಬಾರಿ.

ನಿಜವಾದ ತಿರುವು ತಂದದ್ದು ಒಂದು ಹಳೆಯ, ಅಗ್ಗದ ಔಷಧ. 1959ರಿಂದ ಬಳಕೆಯಲ್ಲಿರುವ ಕ್ಯಾನ್ಸರ್ ಔಷಧ ಸೈಕ್ಲೋಫಾಸ್ಫಮೈಡ್ ಅನ್ನು ಕಸಿಯಾದ ಮೂರು ಮತ್ತು ನಾಲ್ಕನೆಯ ದಿನ ಕೊಡುವುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಇದನ್ನು ಅರ್ಧ ಹೊಂದುವ ದಾನಿಗಳಿಗಾಗಿ ಬೆಳೆಸಿದರು. ಅರ್ಧ ಹೊಂದುವವರು ಎಂದರೆ ತಂದೆ, ತಾಯಿ, ಮಕ್ಕಳು. ಹೆಚ್ಚುಕಡಿಮೆ ಎಲ್ಲರಿಗೂ ಒಬ್ಬರಾದರೂ ಇರುತ್ತಾರೆ.

ಕಸಿಯಾದ ತಕ್ಷಣ ಇಷ್ಟು ಘಾಟಿನ ಔಷಧ ಕೊಟ್ಟರೆ ಹೊಸ ಕಾಂಡಕೋಶಗಳೇ ಸಾಯುವುದಿಲ್ಲವೇ ಎಂಬ ಅನುಮಾನ ಸಹಜ. ಮೊದಲ ಮಳೆ ಬಿದ್ದ ಮೇಲೆ ರೈತ ಮಾಡುವುದನ್ನು ನೆನೆಯಿರಿ. ಕಸ ಮೊಳಕೆಯೊಡೆಯಲು ಕೆಲವು ದಿನ ಬಿಟ್ಟು, ಎದ್ದ ಮೇಲೆ ಹೊಲ ಹರಗುತ್ತಾನೆ. ಎದ್ದದ್ದು ಸಾಯುತ್ತದೆ, ಮಣ್ಣೊಳಗೆ ಸುಮ್ಮನೆ ಮಲಗಿದ್ದು ಉಳಿಯುತ್ತದೆ. ರೋಗಿಯ ದೇಹವನ್ನು ಪರಕೀಯ ಎಂದು ಕಂಡ ಟಿ ಕೋಶಗಳು ಮೊದಲ ಮೂರು ದಿನದಲ್ಲೇ ಭರದಿಂದ ಒಡೆದು ಹೆಚ್ಚುತ್ತವೆ, ಔಷಧ ಹೊಡೆಯುವುದು ಅವಕ್ಕೇ. ಕಾಂಡಕೋಶಗಳು ಶಾಂತವಾಗಿರುತ್ತವೆ. ಜೊತೆಗೆ ಈ ಔಷಧವನ್ನು ಕರಗಿಸುವ ಕಿಣ್ವ ಅವುಗಳಲ್ಲಿ ಹೇರಳ. ರೋಗನಿರೋಧಕ ಪ್ರತಿಕ್ರಿಯೆಯನ್ನು ಹತೋಟಿಯಲ್ಲಿಡುವ ಒಂದು ಬಗೆಯ ಟಿ ಕೋಶಗಳಲ್ಲೂ ಅದೇ ಕಿಣ್ವ ಇರುವುದರಿಂದ ಅವೂ ಉಳಿಯುತ್ತವೆ, ಉಳಿದ ಕೆರಳಿದ ಕೋಶಗಳನ್ನು ತಣ್ಣಗಿಡುತ್ತವೆ. ಹೊತ್ತು ತಪ್ಪಿದರೆ ಈ ಉಪಾಯ ಕೆಡುತ್ತದೆ. ಆ ಮೊದಲ ದಿನಗಳಲ್ಲಿ ಜ್ವರ ಬಂದರೂ ಸ್ಟೀರಾಯ್ಡ್ ಕೊಡದೆ ತಾಳುವುದು, ಟ್ಯಾಕ್ರೋಲಿಮಸ್ ಅನ್ನು ಐದನೆಯ ದಿನಕ್ಕೆ ತಡೆಹಿಡಿಯುವುದು ಇದೇ ಲೆಕ್ಕದಿಂದ.

ಅರ್ಧ ಹೊಂದುವವರಿಗೆಂದು ಹುಟ್ಟಿದ ಈ ಪದ್ಧತಿ ಈಗ ಪೂರ್ತಿ ಹೊಂದುವವರಿಗೂ ಬಂದಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 431 ರೋಗಿಗಳಿದ್ದರು. ಒಂದು ವರ್ಷ ತುಂಬಿದಾಗ ಬದುಕಿದ್ದು, ಕಾಯಿಲೆ ಮರಳದೆ, ತೀವ್ರತರದ ಜಿವಿಎಚ್‌ಡಿಯೂ ಇಲ್ಲದವರು ಹೊಸ ಪದ್ಧತಿಯಲ್ಲಿ ಶೇ 52.7, ಹಳೆಯ ಜೋಡಿಯಲ್ಲಿ ಶೇ 34.9. 2025ರಲ್ಲಿ ಬಂದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರಲ್ಲಿದ್ದ ದಾನಿಗಳು ಹೊಂದುವ ಒಡಹುಟ್ಟಿದವರು. ಮೂರು ವರ್ಷದ ಹೊತ್ತಿಗೆ ಅದೇ ಅಳತೆಯಲ್ಲಿ ಶೇ 49ಕ್ಕೆ ಎದುರಾಗಿ ಶೇ 14. ರೋಗಿಗಳು ನೂರಮೂವತ್ತರ ಆಸುಪಾಸಿನಷ್ಟೇ ಎಂಬುದನ್ನು ಮರೆಯಬಾರದು, ಆದರೂ ಅಂತರ ಕಣ್ಣಿಗೆ ಹೊಡೆಯುವಂಥದ್ದು. ಎರಡೂ ಅಧ್ಯಯನಗಳು ರಕ್ತದ ಕ್ಯಾನ್ಸರ್ ಇದ್ದ ವಯಸ್ಕರ ಮೇಲೆ ನಡೆದವು, ಥಲಸ್ಸೀಮಿಯಾದ ಮಕ್ಕಳಿಗೆ ಅದೇ ಅಂಕಿಗಳನ್ನು ಎತ್ತಿ ಅಂಟಿಸಲಾಗದು.

ಇದಕ್ಕೆ ಬೆಲೆಯೂ ಇದೆ. ರಕ್ತಕಣಗಳು ಏರುವುದು ಕೆಲವು ದಿನ ತಡವಾಗುತ್ತದೆ, ವೈರಸ್ ಸೋಂಕು ಹೆಚ್ಚುತ್ತದೆ, ಮೂತ್ರಕೋಶದಲ್ಲಿ ರಕ್ತಸ್ರಾವ ಆಗಬಹುದು, ಹೃದಯಕ್ಕೂ ಸ್ವಲ್ಪ ಅಪಾಯ. ಅರ್ಧ ಪ್ರಮಾಣ ಸಾಕಾಗಬಹುದೇ ಎಂದು ಈಗ ಪರೀಕ್ಷೆಗಳು ನಡೆದಿವೆ. 2021ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಅಬಟಾಸೆಪ್ಟ್ ತೀವ್ರ ಜಿವಿಎಚ್‌ಡಿ ತಡೆಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧ. ಬೆಲೆಯಿಂದಾಗಿ ಇಲ್ಲಿನ ಹೆಚ್ಚಿನವರಿಗೆ ಅದು ದೂರದ ಮಾತು.

ಹತ್ತಿರದ ಮಾತು ಬೇರೆ ಇದೆ. ಸಕ್ಕರೆ ಕಾಯಿಲೆಗೆ ಮನೆಮನೆಯಲ್ಲಿ ತಿನ್ನುವ ಸಿಟಾಗ್ಲಿಪ್ಟಿನ್ ಗುಳಿಗೆಯನ್ನು ಚೀನಾದ ವೈದ್ಯರು ದೊಡ್ಡ ಪ್ರಮಾಣದಲ್ಲಿ ಕಸಿಯ ಹಿಂದಿನ ದಿನದಿಂದ ಎರಡು ವಾರ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ನೂರು ದಿನದೊಳಗಿನ ಮಧ್ಯಮ-ತೀವ್ರ ಜಿವಿಎಚ್‌ಡಿ ಶೇ 16ರಿಂದ ಶೇ 5ಕ್ಕೆ ಇಳಿದಿತ್ತು. ಭಾರತದಲ್ಲಿ ಆ ಗುಳಿಗೆಯ ಪೇಟೆಂಟ್ 2022ರಲ್ಲಿ ಮುಗಿದು ಬೆಲೆ ಬಿದ್ದಿದೆ. ದೀರ್ಘಕಾಲದ ಜಿವಿಎಚ್‌ಡಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ, ರೋಗಿಗಳೂ 148 ಮಂದಿಯಷ್ಟೇ. ಅಂಗಡಿಯಿಂದ ತಂದು ತಾವೇ ನುಂಗುವ ವಿಷಯ ಇದಲ್ಲ. ಆದರೆ ಇಂಥ ಅಗ್ಗದ ಔಷಧಗಳನ್ನು ನಮ್ಮ ದೇಶದ ಕೇಂದ್ರಗಳೇ ಒಟ್ಟಾಗಿ ಪರೀಕ್ಷಿಸಬೇಕಲ್ಲವೇ? ಪೇಟೆಂಟ್ ಇಲ್ಲದ ಔಷಧಕ್ಕೆ ಯಾವ ಕಂಪನಿ ದುಡ್ಡು ಹಾಕುತ್ತದೆ?

ಊರಿಗೆ ಮರಳಿದ ಮೇಲೆ

ಸುಮಾರು ನೂರು ದಿನ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದು, ಕೈ ಖಾಲಿಯಾದ ಮೇಲೆ ಕುಟುಂಬ ಮರಳುತ್ತದೆ. ಗುಳಿಗೆಗಳು ಇನ್ನೂ ನಡೆದಿರುತ್ತವೆ. ಅಪಾಯದ ಚಿಹ್ನೆಗಳು ಕಾಣುವುದು ಈಗ, ಅವನ್ನು ತಪ್ಪಾಗಿ ಓದುವುದೂ ಈಗಲೇ.

ಅಂಗೈ, ಅಂಗಾಲು, ಕಿವಿ, ಕುತ್ತಿಗೆಯ ಮೇಲೆ ಕೆಂಪು ಗಂಧೆ ಏಳುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಯಾರಾದರೂ ಏನೆನ್ನುತ್ತಾರೆ? ಬೆವರುಸಾಲೆ. ಪೌಡರ್ ಹಚ್ಚಿ ಬಿಡುತ್ತಾರೆ. ನೀರಿನಂಥ ಭೇದಿ ಶುರುವಾದರೆ ಬಿಸಿಲಿಗೆ ಹೊಟ್ಟೆ ಕೆಟ್ಟಿದೆ ಎಂದುಕೊಂಡು ಭೇದಿ ನಿಲ್ಲಿಸುವ ಗುಳಿಗೆ ತರುತ್ತಾರೆ. ಕಣ್ಣು ಹಳದಿಯಾದರೆ ಕಾಮಣಿ. ಕಾಮಣಿಗೆ ಔಷಧಿ ಕೊಡುವವರು ಯಾವ ಊರಲ್ಲಿ ಇಲ್ಲ? ಚರ್ಮ, ಕರುಳು, ಯಕೃತ್ತು, ಈ ಮೂರೂ ಜಿವಿಎಚ್‌ಡಿಯ ಮುಖಗಳು ಎಂದು ತಿಳಿದವರು ಹತ್ತಿರದಲ್ಲಿ ಇಲ್ಲದಿದ್ದರೆ ವಾರ ಕಳೆದುಹೋಗುತ್ತದೆ. ಬೇಗ ಹಿಡಿದರೆ ಸ್ಟೀರಾಯ್ಡ್ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಕೆಲಸ ಮಾಡುತ್ತದೆ. ಕೆಲಸ ಮಾಡದಿದ್ದವರಿಗೆ ರುಕ್ಸೋಲಿಟಿನಿಬ್ ಎಂಬ ಗುಳಿಗೆ ಇದೆ, ತಿಂಗಳ ಖರ್ಚು ಭಾರಿ.

ಬಿಸಿಲೇ ಒಂದು ಕಾರಣ. ಸೂರ್ಯನ ಕಿರಣ ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸುತ್ತದೆ. ಬಿಸಿಲನಾಡು ಎಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುವ ಕಡೆ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತುಂಬುತೋಳಿನ ಅಂಗಿ, ತಲೆಗೆ ಟವಲ್, ವೈದ್ಯರು ಹೇಳಿದ ಸನ್‌ಸ್ಕ್ರೀನ್ ಬೇಕು, ಮಧ್ಯಾಹ್ನ ಮನೆಯೊಳಗಿರಬೇಕು. ತೊಗರಿ ರಾಶಿಯ ಧೂಳು, ಹಳೆಯ ಕಾಳಿನ ಚೀಲ, ಮನೆ ಕೆಡವುವ ಜಾಗಗಳಿಂದ ಬೂಷ್ಟಿನ ಕಣಗಳು ಎದೆಗೆ ಹೋಗಿ ನ್ಯುಮೋನಿಯಾ ತರುತ್ತವೆ. ರಾಶಿ ನಡೆದಾಗ ಕಣಕ್ಕೆ ಹೋಗುವುದು ಆ ವರ್ಷಕ್ಕೆ ಬೇಡ. ಬಿಸಿ ರೊಟ್ಟಿ, ಬೇಯಿಸಿದ ಪಲ್ಯಕ್ಕೆ ಅಡ್ಡಿಯಿಲ್ಲ, ರೊಟ್ಟಿಯ ಪಕ್ಕದ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿಯನ್ನು ವೈದ್ಯರನ್ನು ಕೇಳಿಯೇ ತಿನ್ನಬೇಕು.

ನನ್ನ ಲೆಕ್ಕದಲ್ಲಿ ದೊಡ್ಡ ಜಾರುವ ಮೆಟ್ಟಿಲು ಗುಳಿಗೆಗಳೇ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ರಕ್ತದಲ್ಲಿ ಒಂದು ಮಿತಿಯೊಳಗಿರಬೇಕು. ಕಡಿಮೆಯಾದರೆ ಜಿವಿಎಚ್‌ಡಿ, ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಮಟ್ಟ ನೋಡಲು ರಕ್ತ ಕೊಡಬೇಕಾದದ್ದು ಬೆಳಗಿನ ಗುಳಿಗೆ ನುಂಗುವ ಮುನ್ನ. ನುಂಗಿ ಬಂದು ಕೊಟ್ಟರೆ ವರದಿಯನ್ನು ನಂಬುವಂತಿಲ್ಲ, ಡೋಸ್ ತಪ್ಪಾಗಿ ಇಳಿಸುತ್ತಾರೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಔಷಧಗಳ ಮಟ್ಟವನ್ನು ಪಾತಾಳಕ್ಕೆ ಇಳಿಸುತ್ತದೆ. ಫಂಗಸ್‌ಗೆ ಕೊಡುವ ವೊರಿಕೊನಝೋಲ್, ಎದೆಯ ಸೋಂಕಿಗೆ ಬರೆಯುವ ಕ್ಲಾರಿಥ್ರೊಮೈಸಿನ್ ಮೇಲಕ್ಕೆ ತಳ್ಳುತ್ತವೆ. ಚಕ್ಕೋತ ಹಣ್ಣೂ ಏರಿಸುತ್ತದೆ. ಮೈಕೈ ನೋವಿಗೆ ಡೈಕ್ಲೋಫಿನಾಕ್ ಸೂಜಿ ಹಾಕಿಸಿಕೊಂಡರೆ ಮೂತ್ರಪಿಂಡಕ್ಕೆ ಎರಡನೆಯ ಪೆಟ್ಟು. ಅಂಗಡಿಯವರು ‘ಅದೇ ಔಷಧ, ಬೇರೆ ಕಂಪನಿ’ ಎಂದು ಕೊಟ್ಟದ್ದನ್ನೂ ಹೇಳದೆ ಬದಲಿಸಬಾರದು.

ಇಮ್ಯುನಿಟಿ ಹೆಚ್ಚಿಸುವ ಕಷಾಯದ ಹುಚ್ಚು ಕೊರೊನಾ ಕಾಲದಿಂದ ಇನ್ನೂ ಇಳಿದಿಲ್ಲ. ಕಸಿಯಾದವರಲ್ಲಿ ಹತೋಟಿಯಲ್ಲಿಡಲು ಹೆಣಗುತ್ತಿರುವುದೇ ಆ ಇಮ್ಯುನಿಟಿಯನ್ನು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡದ್ದನ್ನು ಭಾರತದ ವೈದ್ಯರೇ ವರದಿ ಮಾಡಿದ್ದಾರೆ.

ಈಗ ಸರ್ಕಾರದ ಮಾತು. ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಕಸಿಗೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ನೆರವಿದೆ. ಅದರಿಂದ ಕಸಿ ಆದೀತು. ಆಮೇಲಿನ ಓಡಾಟ, ಪರೀಕ್ಷೆ, ಬಾಡಿಗೆ, ಕೂಲಿ ನಷ್ಟ ಮನೆಯವರ ಹೆಗಲ ಮೇಲೇ ಉಳಿಯುತ್ತದೆ. ಕಲಬುರಗಿಯಲ್ಲೂ ಕಸಿ ಘಟಕ ಬೇಕು ಎಂಬ ಆಸೆ ಸಹಜವಾದದ್ದೇ. ಆದರೆ ಸೋಸಿದ ಗಾಳಿಯ ಕೋಣೆ, ಪಳಗಿದ ದಾದಿಯರು, ವರ್ಷಕ್ಕೆ ಸಾಕಷ್ಟು ರೋಗಿಗಳು ಇಲ್ಲದೆ ಕಟ್ಟಡ ಕಟ್ಟಿದರೆ ಅಪಾಯವೇ ಹೆಚ್ಚು.

ಅದಕ್ಕಿಂತ ಮೊದಲು, ಅದಕ್ಕಿಂತ ಕಡಿಮೆ ದುಡ್ಡಿನಲ್ಲಿ ಆಗಬೇಕಾದ ಕೆಲಸ ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು, ಮೂರೂ ಕಡೆ ಕಸಿ ಕೇಂದ್ರವೊಂದರಲ್ಲಿ ಕೆಲವು ತಿಂಗಳು ಕಲಿತು ಬಂದ ಒಬ್ಬ ವೈದ್ಯ, ಒಬ್ಬ ದಾದಿ. ವಾರಕ್ಕೊಂದು ದಿನ ಕಸಿಯಾದವರಿಗೇ ಮೀಸಲಾದ ಒಪಿಡಿ, ಬೆಂಗಳೂರು ಅಥವಾ ಹೈದರಾಬಾದಿನ ಕಸಿ ವೈದ್ಯರ ಜೊತೆ ವಿಡಿಯೋ ಕರೆ. ಕಲಬುರಗಿಯಲ್ಲಿ ಒಂದೇ ಒಂದು ಕಡೆ ಔಷಧದ ಮಟ್ಟ ಅಳೆಯುವ ಯಂತ್ರ ಇಟ್ಟು, ಬೀದರ್ ಮತ್ತು ಯಾದಗಿರಿಯಿಂದ ಬೆಳಗಿನ ರೈಲಿನಲ್ಲಿ ಮಾದರಿ ತರಿಸಿದರೆ ವರದಿ ಸಂಜೆಗೆ ಸಿಗಬಹುದು. ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಅನುದಾನದಲ್ಲಿ ಇದಕ್ಕೆ ಬೇಕಾದದ್ದು ತೀರಾ ಸಣ್ಣ ಪಾಲು. ಉದ್ಘಾಟನೆಗೆ ಕತ್ತರಿಸಲು ದೊಡ್ಡ ರಿಬ್ಬನ್ ಸಿಗುವುದಿಲ್ಲ ಎಂಬುದೊಂದೇ ಇದರ ಕೊರತೆ.

ಅಲ್ಲಿಯವರೆಗೆ ಕುಟುಂಬದವರು ಡಿಸ್ಚಾರ್ಜ್ ಆಗುವ ದಿನ ಕಸಿ ಕೇಂದ್ರದಿಂದ ಒಂದು ಹಾಳೆ ಕನ್ನಡದಲ್ಲಿ ಬರೆಸಿಕೊಳ್ಳಲಿ. ಅದರಲ್ಲಿ ಈಗಿನ ರಕ್ತದ ಗುಂಪು, ವಿಕಿರಣ ಹಾಯಿಸಿದ ರಕ್ತ ಮಾತ್ರ ಎಂಬ ಸೂಚನೆ, ಗುಳಿಗೆಯ ಹೆಸರು ಮತ್ತು ಕಂಪನಿ, ರಕ್ತದಲ್ಲಿ ಇರಬೇಕಾದ ಮಟ್ಟ, ಕೊಡಬಾರದ ಔಷಧ ಮತ್ತು ಲಸಿಕೆಗಳು, ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ಇರಲಿ. ನಾಲ್ಕು ಜೆರಾಕ್ಸ್ ತೆಗೆಸಿ ಒಂದನ್ನು ಊರಿನ ಡಾಕ್ಟರಿಗೆ, ಒಂದನ್ನು ಔಷಧದಂಗಡಿಗೆ, ಒಂದನ್ನು ರಕ್ತನಿಧಿಗೆ ಕೊಡಲಿ. ಉಳಿದದ್ದು ರೋಗಿಯ ಕಿಸೆಯಲ್ಲಿರಲಿ.